ಕೆಂಪು ಕಾಣ್ತಾ, ನೀಲಿ ಕಾಣ್ತಾ

ಮಹಡಿ ಕೋಣೆ,
ಜನವರಿ ೨೦, ಮಂಗಳವಾರ

ಪ್ರೀತಿಯ ಗುಬ್ಬಿಗೆ,

ಕೆಮ್ಮು ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ, ಇಲ್ಲ ಪ್ರೆಸ್ಸಿನ ಕೆಲಸದ ನೆಪ ಹೇಳಿ ಬಿಸ್ಕತ್ತಿನಲ್ಲೇ ಮುಗಿಸುತ್ತೀಯಾ? ಹೋದ ಕಾಗದದಲ್ಲಿ ನೀನು "ಎಲ್ಲಾ ಚೆನ್ನಾಗಿದೆ" ಅಂತ ಐದು ಸಲ ಬರೆದಿದ್ದೆ. ನಿಮ್ಮಮ್ಮ ಎಣಿಸಿದಳು. ಒಂದೇ ಸಲ ಬರೆದಿದ್ದರೆ ನಂಬುತ್ತಿದ್ದೆ ಅಂದಳು. ನಾವಿಬ್ಬರೂ ಆರಾಮ. ಕನ್ನಡಕದ ಅಂಗಡಿಗೆ ಈಗ ಬೆಳಿಗ್ಗೆ ಮಾತ್ರ ಹೋಗುತ್ತೇನೆ. ಸಂಜೆ ನಾನುಂಟು, ನನ್ನ ದುರ್ಬೀನುಂಟು.

ಮೊನ್ನೆ ಭಾನುವಾರ ಊಟಕ್ಕೆ ಮುಂಚೆ ಪಕ್ಕದ ಮನೆ ಟೀಚರು ನಕ್ಷತ್ರ ನೋಡಬೇಕೆಂದು ಮೇಲೆ ಬಂದರು. ಮಹಾವ್ಯಾಧ ನಕ್ಷತ್ರಪುಂಜದಲ್ಲಿ ಬೇಟೆಗಾರನ ಸೊಂಟದ ಪಟ್ಟಿಯ ಕೆಳಗಿನ ನೀಹಾರಿಕೆ ತೋರಿಸಿದೆ. ನೀನು ಚಿಕ್ಕವಳಿದ್ದಾಗ "ಹೂವಿನ ಮೋಡ" ಅನ್ನುತ್ತಿದ್ದೆಯಲ್ಲ, ಅದೇ. ಆಕೆ ಒಂದು ಕಣ್ಣು ಮುಚ್ಚಿ ತುಂಬಾ ಹೊತ್ತು ನೋಡಿ, "ಗಾಜಿನ ಮೇಲೆ ಯಾರೋ ಬೆರಳು ಒತ್ತಿದ್ದಾರೆ ಸರ್, ಸ್ವಲ್ಪ ಒರೆಸಿ" ಅಂದರು. ನನಗೆ ನಗು ತಡೆಯಲಾಗಲಿಲ್ಲ. ಮೊದಲ ಸಲ ನೋಡಿದಾಗ ನಾನೂ ಕನ್ನಡಕದವನ ಚಾಳಿಯಂತೆ ಮೂರು ಸಲ ಒರೆಸಿದ್ದೆ. ಒರೆಸಿದರೆ ಹೋಗುವಂಥದ್ದಲ್ಲ. ಕಾಣುವುದೇ ಒಂದು ಬೂದು ಮಸುಕು, ಅಷ್ಟೇ. ಕ್ಯಾಲೆಂಡರಿನಲ್ಲಿರುವ ಕೆಂಪು, ನೇರಳೆ ಎಲ್ಲ ಕ್ಯಾಮೆರಾ ಗಂಟೆಗಟ್ಟಲೆ ಬೆಳಕು ಕೂಡಿಟ್ಟು ತೆಗೆದದ್ದು. ಅಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ. ನೇರ ದಿಟ್ಟಿಸಿದರೆ ಇರುವುದೂ ಕರಗುತ್ತದೆ. ಸ್ವಲ್ಪ ಪಕ್ಕಕ್ಕೆ ನೋಡುತ್ತಾ ಕಾದರೆ ಮೆಲ್ಲಗೆ ರೆಕ್ಕೆ ಬಿಚ್ಚುತ್ತದೆ. ಟೀಚರಿಗೂ ಹಾಗೇ ಕಂಡಿತು. ಕಂಡ ಮೇಲೆ ಆಕೆ ಕೆಳಗಿಳಿಯಲು ಒಪ್ಪಲೇ ಇಲ್ಲ, ಊಟ ಆರಿಹೋಯಿತು ಅಂತ ನಿಮ್ಮಮ್ಮ ಮೆಟ್ಟಿಲ ಕೆಳಗಿನಿಂದ ಗೊಣಗಿದಳು.

ಅವರು ಹೋದ ಮೇಲೆ ನನ್ನ ಹಳೆಯ ನೋಟ್‌ಪುಸ್ತಕ ತೆಗೆದೆ. ನಿನ್ನ ಒಂಬತ್ತನೇ ವರ್ಷದ ಪುಟ, ನನ್ನದೇ ಅಕ್ಷರ: "ಮಗಳಿಗೆ ಕಂಡದ್ದು: ಅಂಚಿಗೆ ಕೆಂಪು, ನಡುವೆ ನೀಲಿ." ಅವತ್ತು ಅಂಗಡಿಗೆ ಬಂದವರಿಗೆಲ್ಲ ನನ್ನ ಮಗಳ ಕಣ್ಣೇ ಕಣ್ಣು ಅಂತ ಹೇಳಿಕೊಂಡು ಮೆರೆದಿದ್ದೆ. ದಿನಾ ಕಣ್ಣು ಪರೀಕ್ಷೆ ಮಾಡುವವನಿಗೇ ಹೊಳೆಯಲಿಲ್ಲ ನೋಡು. ಮೊದಲು ಬಣ್ಣದ ಚಿತ್ರ ತೋರಿಸಿ, ಆಮೇಲೆ "ಕೆಂಪು ಕಾಣ್ತಾ, ನೀಲಿ ಕಾಣ್ತಾ" ಅಂತ ಕೇಳಿದವನು ನಾನು. ಅಪ್ಪನ ಮುಖ ಬಾಡಬಾರದೆಂದು ನೀನು ಹೂಂ ಅಂದೆ. ತಪ್ಪು ನಿನ್ನದಲ್ಲ ಗುಬ್ಬಿ. ಆ ಸಾಲು ಹೊಡೆದುಹಾಕಲು ಪೆನ್ನು ತೆಗೆದೆ, ಮತ್ತೆ ಮುಚ್ಚಿಟ್ಟೆ. ನೋಡಿದವಳು ನೀನು, ನೀನೇ ತಿದ್ದು ಅಂತ ಬಿಟ್ಟಿದ್ದೇನೆ.

ಚಳಿಯಲ್ಲಿ ಸ್ವೆಟರು ಬಿಡಬೇಡ. ಕಣ್ಣು, ಮನಸ್ಸು ಎರಡೂ ತಂಪಾಗಿರಲಿ ಮಗಳೇ.

ನಿನ್ನ
ಅಪ್ಪ

ತಾ.ಕ.: ಅಮ್ಮ ಲಕೋಟೆ ಅಂಟಿಸಲು ಕಾಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ನಿನಗೆಂದು ಹೊಸ ಕನ್ನಡಕ ಮಾಡಿ ಹೋದ ತಿಂಗಳು ಪ್ರೆಸ್ಸಿನ ವಿಳಾಸಕ್ಕೆ ಕಳಿಸಿದ್ದೆ. ಶುಕ್ರವಾರ ವಾಪಸು ಬಂತು. ಪೊಟ್ಟಣದ ಮೇಲೆ ಯಾರೋ "ಕೆಲಸ ಬಿಟ್ಟು ನಾಲ್ಕು ತಿಂಗಳಾಯಿತು" ಅಂತ ಬರೆದಿದ್ದಾರೆ. ನಿನ್ನನ್ನು ಏನೂ ಕೇಳುವುದಿಲ್ಲ. ಕೇಳಿ ಕೇಳಿಯೇ ನಿನಗೆ ಬಣ್ಣ ಹೇಳುವುದು ಕಲಿಸಿದ್ದು ನಾನು. ಬೂದು ಇದ್ದರೆ ಬೂದು ಅಂತಲೇ ಬರೆ, ಅದನ್ನು ನೋಡಿ ಅಪ್ಪನಿಗೆ ಅಭ್ಯಾಸವಿದೆ. ಕನ್ನಡಕ ಮತ್ತೆ ಅಂಚೆಗೆ ಹಾಕುವುದಿಲ್ಲ. ಮಹಡಿಯಲ್ಲಿ, ನೋಟ್‌ಪುಸ್ತಕದ ಪಕ್ಕ ಇಟ್ಟಿದ್ದೇನೆ. ನೀನೇ ಬಂದು ತಗೋ.