ಬೋಳುತಲೆಯ ನೆರಳಿಗೆ ಗರಿ

ಮಾರ್ಚ್ 4, ಸೋಮವಾರ

ಬೆಳಿಗ್ಗೆಯಿಂದ ದೊಡ್ಡಪ್ಪನ ದಿನಪತ್ರಿಕೆಯ ಚಿತ್ರಕಥೆಗೆ ಕಪ್ಪು ಮಸಿ ತುಂಬುವುದೇ ಆಯಿತು. ದೊಡ್ಡಪ್ಪ ಗೆರೆ ಎಳೆದು, ಕಪ್ಪಾಗಬೇಕಾದ ಕಡೆ ಪೆನ್ಸಿಲಿನಲ್ಲಿ ಇಂಟು ಮಾರ್ಕು ಹಾಕುತ್ತಾರೆ. ಅಲ್ಲಿ ನಾನು ಬ್ರಶ್ ಆಡಿಸಬೇಕು, ಅಷ್ಟೇ. ಯಾಕೆ, ಏನು ಎಂದು ಕೇಳುವಂತಿಲ್ಲ.

ಮುಂದಿನ ಸೋಮವಾರದ ಪೇಪರಿಗೆ ಭರ್ಜರಿ ಕಂತು. ಕಳ್ಳರು ನಮ್ಮ ಗರಿಟೋಪಿ ಜಾದೂಗಾರನನ್ನು ಕಬ್ಬಿಣದ ಪೆಟ್ಟಿಗೆಗೆ ತುರುಕಿ ಬೀಗ ಜಡಿದರು. ಅವರ ಬೋಳುತಲೆ ಕೂಲಿ ಅದನ್ನು ಹೊತ್ತು ಹಡಗಿಗೆ ತಂದ. ಕೊನೆಯ ಚೌಕದಲ್ಲಿ ಪೆಟ್ಟಿಗೆ ಸಮುದ್ರಕ್ಕೆ!

“ಹೇಗೆ ತಪ್ಪಿಸ್ಕೋತಾನೆ ದೊಡ್ಡಪ್ಪ?”

“ಪೇಪರ್ ಬಂದಾಗ ಓದ್ಕೋ.”

“ನಂಗೂ ಹೇಳಲ್ವಾ?”

“ನಿಂಗಂತೂ ಹೇಳಲ್ಲ ಮಸಿಗುಬ್ಬಿ. ಹಾಲಿನವನಿಗೆ ಊದಿಬಿಡ್ತೀಯ.”

ಕೋಪ ಬಂತು. ಹೇಳಿದ್ದು ನಿಜ ಬೇರೆ.

ಮಾರ್ಚ್ 6

ನಿನ್ನೆ ದೊಡ್ಡಪ್ಪ ಕುರ್ಚಿಯಿಂದ ಜಾರಿ ಬಿದ್ದರು. ಲಕ್ವ. ಬಲಗೈ ಬಿದ್ದುಹೋಗಿದೆ. ಮಾತೂ ಇಲ್ಲ.

ಮಾರ್ಚ್ 9, ಶನಿವಾರ. ಆಸ್ಪತ್ರೆ

ಸಂಪಾದಕರು ಬಂದಿದ್ದರು. ಬರೆದಿಟ್ಟದ್ದು ಸೋಮವಾರಕ್ಕೆ ಮುಗಿಯುತ್ತದೆ. ಆಮೇಲೆ?

“ಆ ಜಾಗಕ್ಕೆ ಸೋಪಿನ ಜಾಹೀರಾತು ಹಾಕ್ತೀನಮ್ಮ. ಇನ್ನೇನು ಮಾಡ್ಲಿ?”

ದೊಡ್ಡಪ್ಪನಿಗೆ ಕೇಳಿಸಿತು. ಕಣ್ಣಂಚಿನಿಂದ ನೀರು ಇಳಿದು ದಿಂಬಿಗೆ. ಎಷ್ಟು ವರ್ಷ ಸಾಕಿದ ಜಾದೂಗಾರ... ಸಮುದ್ರದ ತಳದಲ್ಲೇ ಬಿಟ್ಟುಬಿಡುವುದೇ?

“ನಾನು ಬರೀತೀನಿ ಸರ್.” ಯೋಚಿಸುವ ಮೊದಲೇ ಬಾಯಿಗೆ ಬಂದುಬಿಟ್ಟಿತು.

“ಹೇಗೆ ಹೊರಗೆ ಬರ್ತಾನೆ, ಗೊತ್ತಾ?”

“ಗೊತ್ತು,” ಎಂದೆ. ಹಸಿ ಸುಳ್ಳು.

“ಮಂಗಳವಾರದ ಕಂತಿಗೆ ನಾಳೆ ಸಾಯಂಕಾಲ ಆಳು ಕಳಿಸ್ತೀನಿ. ಓದೋರು ನಂಬೋ ಹಾಗಿರ್ಲಿ.”

ಮಾರ್ಚ್ 10, ಭಾನುವಾರ. ಬೆಳಿಗ್ಗೆ

ಚಿತ್ರದಲ್ಲಿ ಜಾದೂಗಾರನ ಟೋಪಿಯೊಳಗೆ ಬೀಗದ ಕೈ ಇಟ್ಟೆ. ಚೆನ್ನಾಗಿಲ್ಲ. ದೊಡ್ಡ ಮೀನೊಂದನ್ನು ಕರೆಸಿದೆ.

ದೊಡ್ಡಮ್ಮ ಇಣುಕಿದರು. “ಮೀನು ಬೀಗ ತೆಗೆಯತ್ತೇನೇ? ನಿಮ್ಮ ದೊಡ್ಡಪ್ಪ ನೋಡಿದ್ರೆ ಎದ್ದು ಬಂದು ಬೈತಾರೆ.”

ಹಾಗಾದರೂ ಎದ್ದು ಬರಲಿ! ಹರಿದು ಬಿಸಾಡಿದೆ.

ಮಧ್ಯಾಹ್ನ

ಆದದ್ದನ್ನು ಈಗಲೇ ಬರೆದಿಟ್ಟುಬಿಡಬೇಕು.

ಏನೂ ತೋಚದೆ ಕೂಲಿಯವನ ಚಿತ್ರ ತೀಡುತ್ತಿದ್ದೆ. ಕಾಲ ಕೆಳಗೆ ನೆರಳು ತುಂಬಿದೆ. ಕೈ ಅಭ್ಯಾಸದಂತೆ ತನ್ನಷ್ಟಕ್ಕೆ ಓಡಿತು... ನೆರಳಿನ ತಲೆಯ ಮೇಲೆ ಒಂದು ಗರಿ ಮೂಡಿತು.

ಬೋಳುತಲೆಗೆ ಗರಿಯೇ?

ಹಳೆಯ ಪೇಪರುಗಳನ್ನೆಲ್ಲ ನೆಲಕ್ಕೆ ಹರಡಿದೆ. ಕೂಲಿ ಬಂದ ಚೌಕದಲ್ಲೆಲ್ಲ ಅದೇ ನೆರಳು, ಅದೇ ಗರಿ! ದೊಡ್ಡಪ್ಪ ಗೆರೆ ಎಳೆದು ಇಂಟು ಮಾರ್ಕು ಹಾಕಿದ್ದರು. ತುಂಬಿದವಳು ನಾನು. ಕಣ್ಣೆದುರಿಗೇ ಇತ್ತು, ಕಾಣಲಿಲ್ಲ.

ಕೂಲಿಯೇ ಜಾದೂಗಾರ. ಪೆಟ್ಟಿಗೆಯಲ್ಲಿರುವುದು ಬರೀ ಕಣ್ಕಟ್ಟು.

ಮೈ ಜುಮ್ಮೆಂದಿತು. ಕಳ್ಳರ ಕಣ್ಣಿಗೆ ಮಂಕುಬೂದಿ ಎರಚಿದ್ದು ಸರಿ. ದೊಡ್ಡಪ್ಪ ನನ್ನ ಕೈಯಿಂದಲೇ ಮಾಡಿಸಿ ನನಗೂ ಎರಚಿದರಲ್ಲ! ಇಷ್ಟು ದಿನ ಎಂಥ ಮನುಷ್ಯನ ಪಕ್ಕ ಕೂತಿದ್ದೆ ನಾನು! ಅತ್ತುಬಿಟ್ಟೆ. ದೊಡ್ಡಮ್ಮ ಹೆದರಿ ಓಡಿಬಂದರು.

ಸಂಜೆ. ಆಸ್ಪತ್ರೆ

ಎರಡು ಚೌಕ ಮುಗಿಸಿ ತಂದೆ. ಬೋಳುತಲೆ ನಗುತ್ತದೆ, ಮರುಚೌಕದಲ್ಲಿ ಗರಿಟೋಪಿ, ಕಳ್ಳರ ಕೈಗೆ ಅವರದೇ ಹಗ್ಗ. ಮೂರನೆಯದು ಖಾಲಿ. ಮುಂದೇನೆಂದು ನನಗೆ ಗೊತ್ತಿಲ್ಲ.

ದೊಡ್ಡಪ್ಪ ತುಂಬ ಹೊತ್ತು ನೋಡಿದರು. ಅರ್ಧ ಬಾಯಲ್ಲಿ ನಕ್ಕರು. ಎಡಗೈ ಚಾಚಿದರು. ಪೆನ್ಸಿಲ್ ಕೊಟ್ಟೆ. ಖಾಲಿ ಚೌಕದಲ್ಲಿ ಒಂದು ಸೊಟ್ಟ ಬಾಗಿಲು ಬರೆದರು. ಅರ್ಧ ತೆರೆದ ಬಾಗಿಲು. ಸಂದಿಯಲ್ಲಿ ಇಂಟು ಮಾರ್ಕು.

“ಒಳಗೆ ಯಾರು ದೊಡ್ಡಪ್ಪ?”

ಪೆನ್ಸಿಲನ್ನು ನನ್ನ ಮುಷ್ಟಿಗೆ ತುರುಕಿ, ಬೆರಳು ಮಡಚಿ ಮುಚ್ಚಿದರು.

“ಈಗಲೂ ಹೇಳಲ್ಲ ನೋಡು, ಎಂಥ ಗಟ್ಟಿ ಪಿಂಡ,” ದೊಡ್ಡಮ್ಮ ಕಣ್ಣೊರೆಸಿಕೊಂಡರು.

ಆಫೀಸಿನ ಆಳು ಸೈಕಲ್ ಹಿಡಿದು ಕೆಳಗೆ ಕಾಯುತ್ತಿದ್ದಾನೆ. ಬಾಗಿಲ ಸಂದಿಗೆ ಕಪ್ಪು ತುಂಬಿದೆ, ಒಣಗಲಿ ಎಂದು ಕೂತಿದ್ದೇನೆ. ದೊಡ್ಡಪ್ಪ ನನ್ನ ಮುಖವನ್ನೇ ನೋಡುತ್ತಿದ್ದಾರೆ. ಅವರಿಗೂ ಗೊತ್ತಿಲ್ಲ! ಈ ಸಲ ಕಾಯುವವರು ಅವರು. ಕಪ್ಪಿನೊಳಗೆ ಯಾರೋ ಅಲುಗಾಡಿದ ಹಾಗೆ... ಹೌದು, ಕಾಣುತ್ತಿದೆ, ಅದು... ಊಹೂಂ, ಹೇಳಲ್ಲ ದೊಡ್ಡಪ್ಪ, ಪೇಪರ್ ಬಂದಾಗ ಓದ್ಕೊಳ್ಳಿ.