ಫಿಯೆಟ್ಟಿನ ಮುಂದೆ ನಿಂಬೆಹಣ್ಣು

9 ಅಕ್ಟೋಬರ್ 1998, ಬಾಣಾವರ

ಎಂದಿನಂತೆ ಬಕೆಟ್ಟು, ಹಳೇ ಬನಿಯನ್ ಹಿಡಿದು ಫಿಯೆಟ್ ತೊಳೆಯಲು ಹೋದೆ. ಅಗತ್ಯ ಬೀಳಲಿಲ್ಲ. ಮಳೆಯಲ್ಲಿ ನೆನೆಯದಿರಲೆಂದು ನಿನ್ನೆ ಸಂಜೆ ರೈಲ್ವೆ ಸೇತುವೆ ಕೆಳಗೆ ನಿಲ್ಲಿಸಿದವನು ನಾನೇ. ಗಾಡಿ ನೆನೆದಿರಲಿಲ್ಲ. ಮುಳುಗಿತ್ತು.

ಟ್ರ್ಯಾಕ್ಟರಿಗೆ ಕಟ್ಟಿ ಮನೆ ಮುಂದಕ್ಕೆ ಎಳೆಸಿದ್ದಾಯಿತು. ಹಿಂದಿನ ಬಾಗಿಲು ತೆಗೆದರೆ ಒಂದು ಕಪ್ಪೆ ಇಳಿದು ಹೋಯಿತು, ತಿರುಗಿ ಕೂಡ ನೋಡದೆ.

ತೀರ್ಥರೂಪರಾದ ಭೀಮರಾಜ್ ಅವರು, ಅರಸೀಕೆರೆ ತಾಲ್ಲೂಕು ಆಫೀಸಿನ ಎಫ್‌ಡಿಎ, ಚೊಂಬು ಹಿಡಿದು ಡಿಕ್ಕಿಯ ನೀರು ಮೊಗೆದು ಚೆಲ್ಲಿದರು. ಬೈದಿದ್ದರೆ ಚೆನ್ನಾಗಿತ್ತು. 26ಕ್ಕೆ ಹರ್ಷಿತಕ್ಕ ಹಳೇಬೀಡಿನ ಶಾಲೆಗೆ ಮೇಡಂ ಆಗಿ ಜಾಯಿನ್ ಆಗಬೇಕು. ಸ್ವಂತ ಕಾರಿನಲ್ಲೇ ಬಿಟ್ಟು ಬರುತ್ತೇನೆಂದು ಅಪ್ಪ ಆಫೀಸಿಗೆಲ್ಲ ಹೇಳಿ ಆಗಿದೆ. ಮುಂದಿನ ಸೀಟು ಹನುಮಯ್ಯ ತಾತನಿಗೆ. ಹರೆಯದಲ್ಲಿ ಅದೇ ರೋಡಿಗೆ ಜಲ್ಲಿ ಒಡೆದವರು.

"ಬರಿಗಾಲಲ್ಲಿ ನಡಕಂಡ್ ಹೋಗಿದ್ ರೋಡು. ಒಂದ್ಸಲ ಕೂತ್ಕಂಡ್ ಹೋಗ್ಬೇಕು ಕಣ್ಲಾ," ಎಂದು ಮೂರು ತಿಂಗಳಿಂದ ಹೇಳುತ್ತಿದ್ದಾರೆ.

ತಾತ ಇವತ್ತು ಆ ಸೀಟು ಒತ್ತಿ ನೋಡಿದರು. ಪಿಚಕ್ ಎಂದಿತು. ಟವೆಲ್ಲಿಗೆ ಕೈ ಒರೆಸಿಕೊಂಡರು.

11 ಅಕ್ಟೋಬರ್

ಮೆಕ್ಯಾನಿಕ್ ತಮ್ಮಯ್ಯ ಬಂದ. ಪ್ಲಗ್ ಒಣಗಿಸಿ, ಎಂಜಿನ್ ಆಯಿಲ್ ಬದಲಿಸಿ, ಸ್ಟಾರ್ಟ್ ಮಾಡಿಯೇಬಿಟ್ಟ. ತಾತ ಚಪ್ಪಾಳೆ ತಟ್ಟಿದರು.

"ಗೇರ್‌ಬಾಕ್ಸಿಗೂ ನೀರು ನುಗ್ಗಿರ್ತದೆ. ನಾಡಿದ್ದು ಬಿಚ್ತೀನಿ. ಅಲ್ಲೀತಂಕ ದಿನಾ ಸ್ಟಾರ್ಟ್ ಮಾಡಿ ಹತ್ತೆಜ್ಜೆ ಹಿಂದೆ ಮುಂದೆ ಆಡಿಸ್ರಿ ಸಾ. ನಿಂತಲ್ಲೇ ನಿಂತ್ರೆ ಕ್ಲಚ್ ಪ್ಲೇಟ್ ತುಕ್ಕಿಡಿದು ಕಚ್ಕತೈತೆ."

ಪಕ್ಕದ ಮನೆ ಏಕಾಂತಯ್ಯನವರದೇ ತೊಂದರೆ. ಬಾನೆಟ್ ಮೇಲೆ ಕೂತು ತೀರ್ಪು ಕೊಡುತ್ತಾರೆ. ಟಾಪ್ ಮೇಲೆ ತಮ್ಮ ಮೆಣಸಿನಕಾಯಿ ಬೇರೆ ಒಣಹಾಕಿದ್ದಾರೆ. "ನೀರ್ ಕುಡ್ದ ಕಾರು, ಹೆಂಡ ಕುಡ್ದ ಅಳಿಯ, ಎರಡೂ ದಾರೀಗ್ ಬರಾಕಿಲ್ಲ ಭೀಮಣ್ಣ." ಹೀಗೆ ದಿನಕ್ಕೆ ಎಂಟು ಸಲ. ಅಪ್ಪನ ಮುಖ ನೋಡಲಾಗುವುದಿಲ್ಲ.

ಏನಾದರೂ ಮಾಡಲೇಬೇಕು. ಧರ್ಮಸಂಸ್ಥಾಪನಾರ್ಥಾಯ...

12 ಅಕ್ಟೋಬರ್, ಬೆಳಿಗ್ಗೆ 6

ಸಾಮಗ್ರಿ: ನಿಂಬೆಹಣ್ಣು ಒಂದು, ಕುಂಕುಮ, ಕೂದಲು ಮೂರು (ನನ್ನವೇ — ತ್ಯಾಗ). ಕಾರಿನ ಮುಂದಿನ ಚಕ್ರದೆದುರು ಬಾಳೆಲೆ ಚೂರಿನ ಮೇಲೆ ಶಾಸ್ತ್ರೋಕ್ತವಾಗಿ ಸ್ಥಾಪಿಸಲಾಯಿತು.

6.40. ಏಕಾಂತಯ್ಯನವರು ಬಂದರು. ನೋಡಿದರು. "ಶಿವಶಿವಾ! ಯಾರೋ ಮಾಡ್ಸವ್ರೆ!" ಅರವತ್ತೆಂಟರ ಪ್ರಾಯದಲ್ಲಿ ಆ ಓಟ! ಮೆಣಸಿನಕಾಯಿಯನ್ನೂ ಬಿಟ್ಟು ಹೋದರು. ಜಯ.

13 ಅಕ್ಟೋಬರ್

ಜಯವಲ್ಲ. ತಮ್ಮಯ್ಯ ಬಂದವನು ನಿಂಬೆಹಣ್ಣು ಕಂಡು ಪಾನಾ ಮತ್ತೆ ಚೀಲಕ್ಕೆ ಹಾಕಿದ.

"ಇಟ್ಟೋನೇ ತೆಗೀಬೇಕು ಸಾ. ಇಲ್ದಿದ್ರೆ ಅಮಾಸೆ ಕಳೀಲಿ. ನನ್ಗೂ ಹೆಂಡ್ತಿ ಮಕ್ಳವ್ರೆ."

"ನಾವು ಬುದ್ಧನ್ನ ನಂಬೋರು ಕಣಯ್ಯ," ಎಂದರು ಅಪ್ಪ. "ಇದೆಲ್ಲ ಮೌಢ್ಯ."

"ಹಂಗಾರೆ ನೀವೇ ಎತ್ತಿ ಸಾ."

ಅಪ್ಪನಿಗೆ ಇದ್ದಕ್ಕಿದ್ದಂತೆ ರೈಲಿಗೆ ಹೊತ್ತಾಯಿತು. ನಿಂಬೆಹಣ್ಣಿನಿಂದ ಆರಡಿ ದೂರ ಬಳಸಿ ಹೋದರು, ವೈಚಾರಿಕವಾಗಿ.

ಆಗಲೇ ಹೇಳಬಹುದಿತ್ತು. ಆದರೆ ಸೇತುವೆ ವಿಷಯ ಇನ್ನೂ ಹಸಿ. ಒಂದೇ ವಾರದಲ್ಲಿ ಎರಡು ಪಾಪ... ಬೇಡ.

17 ಅಕ್ಟೋಬರ್

ಅಮ್ಮ ದಿನಾ ಅಂಗಳ ಗುಡಿಸುತ್ತಾಳೆ. ಕಾರಿನ ಸುತ್ತ ಒಂದು ಮಾರು ಬಿಟ್ಟು. ದಿನಾ ಆಡಿಸಬೇಕೆಂದು ತಮ್ಮಯ್ಯ ಹೇಳಿದ್ದ ಕಾರನ್ನು ಯಾರೂ ಮುಟ್ಟಿಲ್ಲ. ನಾನೂ ಮುಟ್ಟಿಲ್ಲ. ನಾನೇ ಇಟ್ಟ ನಿಂಬೆಹಣ್ಣು, ಈಗ ನನಗೂ ಸ್ವಲ್ಪ ಭಯ.

21 ಅಕ್ಟೋಬರ್

ಅಮಾವಾಸ್ಯೆ ಕಳೆಯಿತು. ತಮ್ಮಯ್ಯನ ಹೊಸ ತೀರ್ಪು: "ಅಮಾಸೆ ಹೋಯ್ತು, ಹಣ್ಣು ಹೋಗಿಲ್ವಲ್ಲ."

ಉಳಿದದ್ದು ಐದು ದಿನ. ಅಕ್ಕ ಬಸ್ಸಿನ ಟೈಮು ವಿಚಾರಿಸಿಕೊಂಡು ಬಂದಳು. ತಾತ ಬಿಳೀ ಅಂಗಿ ಇಸ್ತ್ರಿ ಮಾಡಿಸಿ ತಂದು ಮೊಳೆಗೆ ನೇತುಹಾಕಿದ್ದಾರೆ.

22 ಅಕ್ಟೋಬರ್

ತಮ್ಮಯ್ಯ, ಏಕಾಂತಯ್ಯನವರ ಸಮೇತ ಎಲ್ಲರನ್ನೂ ಅಂಗಳಕ್ಕೆ ಕರೆದು ಘೋಷಿಸಿದೆ: "ಇಟ್ಟೋನು ನಾನು."

ಯಾರೂ ನಂಬಲಿಲ್ಲ.

"ಹೋಗೋ, ತಮ್ಮಯ್ಯ ಕೆಲ್ಸ ಮಾಡ್ಲಿ ಅಂತ ಹೊಸ ಡ್ರಾಮಾ," ಎಂದಳು ಅಕ್ಕ.

"ಇವನ ಮಾತು ನಂಬಿ ಹೋದ ವರ್ಷ ಸತ್ತಿರದ ಮಾರಮ್ಮನ್ನ ಮಣ್ಣು ಮಾಡಕ್ಕೆ ಹೋಗಿದ್ವಿ," ಎಂದಳು ಅಮ್ಮ. ನಿಜ. ಮಾರಮ್ಮನೇ ಕಾಫಿ ಕೊಟ್ಟು ಕಳಿಸಿದ್ದಳು.

ಬೇರೆ ದಾರಿಯಿರಲಿಲ್ಲ. ನಿಂಬೆಹಣ್ಣು ಎತ್ತಿದೆ, ಒರೆಸಿದೆ, ಕೊಯ್ದೆ. ಹತ್ತು ದಿನದ ಬಿಸಿಲಿಗೆ ಚಕ್ಕಳವಾಗಿತ್ತು. ಲೋಟಕ್ಕೆ ಹಿಂಡಿದರೆ ಎರಡು ಹನಿ. ನೀರು, ಸಕ್ಕರೆ ಬೆರೆಸಿ ಸರ್ವರ ಸಮ್ಮುಖದಲ್ಲಿ ಕುಡಿದೆ.

ಏಕಾಂತಯ್ಯನವರು ನಾನು ಬೀಳುವುದನ್ನೇ ಕಾದರು. ಬೀಳಲಿಲ್ಲ.

"ಇವ್ನೇ ಸಾ," ಎಂದ ತಮ್ಮಯ್ಯ. "ಬೇರೆಯೋನಾಗಿದ್ರೆ ಸಕ್ಕರೆ ಹಾಕೋ ಧೈರ್ಯ ಬತ್ತಿರ್ಲಿಲ್ಲ."

ಅಪ್ಪ ಚಪ್ಪಲಿ ಹುಡುಕುತ್ತಿದ್ದರು. ತಾತ ಮಾತ್ರ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅಲುಗುತ್ತಿದ್ದರು. ಅಳುತ್ತಿದ್ದಾರೆಂದು ಹತ್ತಿರ ಹೋದೆ. ಅಳುತ್ತಿರಲಿಲ್ಲ.

23 ಅಕ್ಟೋಬರ್

ತಪಾಸಣೆ. ನನ್ನ ಶಿಕ್ಷೆ, ಕಾರಿನಡಿ ಮಲಗಿ ಟಾರ್ಚ್ ಹಿಡಿಯುವುದು.

ಗೇರ್‌ಬಾಕ್ಸಿನ ಆಯಿಲ್ ಇಳಿಸಿದರೆ ಹೋಟೆಲಿನ ಕಾಫಿಯ ಬಣ್ಣ. ನೀರು ಬೆರೆತಿದೆ. ಅರ್ಧ ನನ್ನ ಮುಖಕ್ಕೆ. ಹೊಸ ಆಯಿಲ್ ಹಾಕಿದ್ದಾಯಿತು.

ಆಮೇಲೆ ತಮ್ಮಯ್ಯ ಎಂಜಿನ್ ಆಫ್ ಇಟ್ಟು ಗೇರ್ ಹಾಕಿ ನೋಡಿದ. ನಾಲ್ಕೂ ಬೆಣ್ಣೆ ಹಾಗೆ ಬಿದ್ದವು. ಎಂಜಿನ್ ಓಡುವಾಗ ಹಾಕಿದರೆ ಕರ್ರ್ರ್ — ಒಂದೂ ಇಲ್ಲ.

"ಗೇರ್‌ಬಾಕ್ಸ್ ಸರಿ ಐತೆ," ಎಂದ ತಮ್ಮಯ್ಯ. "ಕ್ಲಚ್ ಪೆಡಲ್ ಒತ್ತಿದ್ರೆ ಕೆಳಗೆ ಪ್ಲೇಟ್ ಬಿಡ್ಸೋ ಫೋರ್ಕ್ ಆಡ್ತೈತೇನ್ಲಾ?"

"ಆಡ್ತೈತೆ."

ಕ್ಲಚ್ ಪೂರ್ತಿ ತುಳಿದು, ಗೇರಿನಲ್ಲೇ ಇಟ್ಟು ಕೀ ತಿರುಗಿಸಿದ. ಕ್ಲಚ್ ತುಳಿದರೆ ಅಲ್ಲಾಡಬಾರದ ಗಾಡಿ ಕುಪ್ಪಳಿಸಿ ಹೋಗಿ ಏಕಾಂತಯ್ಯನವರು ಈಗ ನೆಲದ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ಮೊರಕ್ಕೆ ಗುದ್ದಿತು. (ನಾನು ಆಗ ಹೊರಗಿದ್ದೆ. ಇಲ್ಲದಿದ್ದರೆ ಈ ದಿನಚರಿ ನಿನ್ನೆಗೆ ಮುಗಿಯುತ್ತಿತ್ತು.)

"ಕ್ಲಚ್ ಪ್ಲೇಟು ಎಂಜಿನ್ನಿನ ಫ್ಲೈವೀಲಿಗೆ ಕಚ್ಕಂಡೈತೆ, ತುಳಿದ್ರೂ ಬಿಡ್ತಿಲ್ಲ. ತಳ ಹಿಡಿದ ಮುದ್ದೆ ಹಂಗೆ. ಹತ್ತು ದಿನ ನಿಂತಲ್ಲೇ ನಿಲ್ಸಿದ್ರಲ್ಲ ಸಾ, ಅದಕ್ಕೆ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಟಾರ್ಚಿನ ಕಡೆ ನೋಡಿದೆ.

25 ಅಕ್ಟೋಬರ್

ಹೊಸ ಪ್ಲೇಟು ಹಾಸನದಿಂದ ಬರುವುದು ಮಂಗಳವಾರ. ಅಕ್ಕ ಜಾಯಿನ್ ಆಗಬೇಕಾದ್ದು ಸೋಮವಾರ. ತಮ್ಮಯ್ಯನ ಚಿಕಿತ್ಸೆ: ಎಂಜಿನ್ ಬಿಸಿ ಮಾಡಿ, ಗೇರಿನಲ್ಲಿಟ್ಟೇ ಸ್ಟಾರ್ಟ್ ಮಾಡಿ, ಖಾಲಿ ರೋಡಿನಲ್ಲಿ ಕ್ಲಚ್ ತುಳಿದು ಹಿಡಿದು ಆಕ್ಸಿಲರೇಟರ್ ಒತ್ತುವುದು, ಬಿಡುವುದು. ಕಚ್ಚಿದ್ದು ಬಿಡುತ್ತದೆ. ಅಪ್ಪ, ತಮ್ಮಯ್ಯ ಎರಡು ಗಂಟೆ ಮಾಡಿದರು. ಬಿಡಲಿಲ್ಲ.

ತಾತ: "ಹಿಂಗೇ ಹೋಗಾನ. ದಾರೀಲಿ ಬಿಟ್ರೆ ಬಿಡ್ಲಿ."

ಅಪ್ಪ ಬಹಳ ಹೊತ್ತು ಇಸ್ತ್ರಿಯಾದ ಅಂಗಿಯನ್ನೇ ನೋಡಿ, "ಆಯ್ತು," ಎಂದರು.

26 ಅಕ್ಟೋಬರ್, ಬೆಳಿಗ್ಗೆ 7.50, ಚಲಿಸುವ ಕಾರು

ಅಕ್ಷರ ಕುಣಿಯುತ್ತಿವೆ. ಅಪ್ಪ ಸ್ಟೀರಿಂಗಿನಲ್ಲಿ, ತಾತ ಮುಂದೆ, ಹಿಂದೆ ಅಕ್ಕ, ನಾನು, ತಮ್ಮಯ್ಯ. "ನಿಲ್ಸಕ್ಕೆ ಬರದ ಕಾರಿಗೆ ನಾನು ಹತ್ತಲ್ಲ," ಎಂದು ಅಮ್ಮ ಬಸ್ಸಿಗೆ ಹೋದಳು. ಆ ಬಸ್ಸು ಈಗಷ್ಟೇ ನಮ್ಮನ್ನು ದಾಟಿತು. ಅಮ್ಮ ಕಿಟಕಿಯಿಂದ ಕೈ ಬೀಸಿದಳು.

ಜಾವಗಲ್ಲಿನಲ್ಲಿ ಕುರಿಮಂದೆ. ನಿಲ್ಲಬೇಕೆಂದರೆ ಎಂಜಿನ್ ಆಫ್. ಹೊರಡಬೇಕೆಂದರೆ ಕೀ, ಒಂದು ಕುಪ್ಪಳ, ಎಲ್ಲರ ತಲೆಯೂ ಟಾಪಿಗೆ. ತಾತ ಪ್ರತಿ ಕುಪ್ಪಳಕ್ಕೂ "ಹೋಯ್!" ಎನ್ನುತ್ತಾರೆ.

"ಒತ್ತಿ ಸಾ! ಬಿಡಿ ಸಾ! ಕ್ಲಚ್ ಬಿಡ್ಬೇಡಿ!" ತಮ್ಮಯ್ಯ ನನ್ನ ಕಿವಿಯಲ್ಲೇ ಕಿರುಚುತ್ತಾ—

8.35

ಬಿಟ್ಟಿತು! ಇಳಿಜಾರಿನಲ್ಲಿ ಢಬ್ ಎಂದು ಒಂದು ಸದ್ದು, ಎಂಜಿನ್ ಒಂಟಿಯಾಗಿ ಕೂಗಿಕೊಂಡಿತು, ಗಾಡಿ ತನ್ನ ಪಾಡಿಗೆ ತೇಲಿತು. ಅಪ್ಪ ಗೇರ್ ಬದಲಿಸಿದರು. ಬಿತ್ತು. ಇನ್ನೊಮ್ಮೆ ಬದಲಿಸಿದರು, ಸುಮ್ಮನೆ, ಖುಷಿಗೆ.

"ಇಲ್ಲಿ ನಿಲ್ಸು ಭೀಮ," ಎಂದರು ತಾತ.

ನಿಂತಿತು. ಎಂಜಿನ್ ಓಡುತ್ತಲೇ ಇತ್ತು. ತಾತ ಇಳಿಯಲಿಲ್ಲ. ಕಿಟಕಿಯಿಂದ ರೋಡನ್ನು ನೋಡಿದರು. "ಈ ಮೈಲಿ ನಂದು," ಎಂದರು. "ಹೂಂ, ಹೊರಡು."

9.20, ಹಳೇಬೀಡು

ಶಾಲೆ ಮುಂದೆ. ಅಕ್ಕ ಸಹಿ ಹಾಕಲು ಒಳಗೆ ಹೋಗಿದ್ದಾಳೆ. ಅಪ್ಪ ಸ್ವೀಟ್ ಡಬ್ಬಿ ತೆಗೆಯಲೆಂದು ಡಿಕ್ಕಿ ತೆರೆದರು. ಡಬ್ಬಿಯ ಮೇಲೆ ಒಂದು ನಿಂಬೆಹಣ್ಣು. ಹೊಸದು. ಕುಂಕುಮ ಹಚ್ಚಿದ್ದು.

ತಮ್ಮಯ್ಯ ಆಗಲೇ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದಾನೆ. ಅಪ್ಪ ಚಪ್ಪಲಿ ಬಿಚ್ಚುತ್ತಿದ್ದಾರೆ. ಆದರೆ ಇದು ನಾನಿಟ್ಟದ್ದಲ್ಲ. ಬುದ್ಧನಾಣೆ ಅಲ್ಲ. ಮುಂದಿನ ಸೀಟಿನಲ್ಲಿ ತಾತ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅಲುಗುತ್ತಿದ್ದಾ—