ಅಲುಗದ ಹೆಲಿಕಾಪ್ಟರ್

ಮಾರ್ಚ್ ೪, ಬೆಳಿಗ್ಗೆ

...ಮುಚ್ಚಿದ ಕೋಣೆಯಲ್ಲಿ ಹೆಲಿಕಾಪ್ಟರ್ ಅಲುಗಿದರೆ ಗಾಳಿಯನ್ನು ಬೈಯಬೇಡ. ಚಿಕ್ಕಪ್ಪ ಅಂದದ್ದು ಹೀಗೇ ಇರಬೇಕು. ಮುಂದೆ ಇನ್ನೊಂದು ಮಾತಿತ್ತು — ಮರೆತಿದೆ.

ಎಂದಿನಂತೆ ಸೋಫಾ ಗೋಡೆಗೆ ಸರಿಸಿ, ಫ್ಯಾನ್ ಆರಿಸಿ, ಅಂಗೈಯುದ್ದದ ಹೆಲಿಕಾಪ್ಟರನ್ನು ಚಾಪೆಯಿಂದ ಎಬ್ಬಿಸಿದೆ. ಚಿಕ್ಕಪ್ಪ ತೀರಿಕೊಂಡ ಮೇಲೆ ರಿಮೋಟ್ ಸಮೇತ ನನಗೆ ಬಂದದ್ದು. ಕಣ್ಣಿನ ಎತ್ತರದಲ್ಲಿ ನಿಲ್ಲಿಸಬೇಕು, ಅಷ್ಟೇ. ನಿಲ್ಲಲಿಲ್ಲ. ಚಳಿಜ್ವರ ಬಂದಂತೆ ನಡುಗಿ ಪರದೆಗೆ ಸಿಕ್ಕಿಕೊಂಡಿತು.

“ನಿಮ್ಮ ಸೊಳ್ಳೆಗೂ ವಯಸ್ಸಾಯ್ತು” — ಅಡುಗೆಮನೆಯಿಂದ ಹೆಂಡತಿ.

ಬ್ಲೇಡ್ ಸವೆದಿರಬೇಕು.

ಮಾರ್ಚ್ ೭

ಹೊಸ ಬ್ಲೇಡ್, ಹೊಸ ಬ್ಯಾಟರಿ. ಅದೇ ನಡುಕ.

ಕ್ಲಿನಿಕ್ಕಿನಲ್ಲಿ ಒಬ್ಬ ಪೇಷೆಂಟಿನ ಹಲ್ಲು ಕೀಳುವುದಿತ್ತು. ಮರಗಟ್ಟಿಸುವ ಸೂಜಿಗೆ ಔಷಧಿ ಎಳೆಯಲು ಹೋದೆ. ನರ್ಸ್ ನನ್ನ ಕೈಯಿಂದ ತೆಗೆದುಕೊಂಡು ತಾನೇ ತುಂಬಿಸಿಕೊಟ್ಟಳು. ಇಷ್ಟು ವರ್ಷಗಳಲ್ಲಿ ಹಾಗೆ ಮಾಡಿದವಳಲ್ಲ.

ಮಾರ್ಚ್ ೮

ರಿಮೋಟ್ ವಿಮಾನಗಳ ರಿಪೇರಿ ಅಂಗಡಿ. ಅಲ್ಲಿಯವನನ್ನು ನಾವೆಲ್ಲ ಕರೆಯುವುದು ‘ಪಂಖ’ ಎಂದು. ಟೀ ಲೋಟ ಕೆಳಗಿಟ್ಟು ಹಾರಿಸಿದ. ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಹಾಗೆ ನಿಂತಿತು.

“ಮೆಷಿನ್ ಕಲ್ಲುಗುಂಡಿನ ಹಾಗಿದೆ ಡಾಕ್ಟ್ರೇ” ಅಂದ. ನನ್ನ ಕೈ ನೋಡಲಿಲ್ಲ. ನೋಡದಿರಲು ಕಷ್ಟಪಟ್ಟ.

ಮಾರ್ಚ್ ೧೯

ಇಷ್ಟು ದಿನ ಹಾರಿಸಲಿಲ್ಲ. ಬರೆಯಲೂ ಇಲ್ಲ.

ಹೆಂಡತಿಗೆ ದವಡೆಹಲ್ಲು ನೋವು. ನೋಡಿದೆ — ಕೀಳಲೇಬೇಕು, ಬೇರು ನರದ ಪಕ್ಕಕ್ಕೇ ಇದೆ. ಬೇರೆ ಡಾಕ್ಟರ್ ಹೆಸರು ಹೇಳಿದೆ. ಮನೆಯಲ್ಲೊಬ್ಬರನ್ನು ಇಟ್ಟುಕೊಂಡು ಬೇರೆಯವರ ಮುಂದೆ ಬಾಯಿ ತೆರೆಯುವ ಗ್ರಹಚಾರ ತನಗಿಲ್ಲವಂತೆ.

“ನಿಮ್ಮ ಸೊಳ್ಳೆ ನೆಟ್ಟಗೆ ನಿಂತ ದಿನ ಕೀಳಿ. ಅಲ್ಲೀವರೆಗೆ ಲವಂಗ ಕಚ್ಚಿಕೊಂಡಿರ್ತೀನಿ.”

ನಗುತ್ತಲೇ ಅಂದಳು. ತಮಾಷೆಗೋ, ಗೊತ್ತಿದ್ದೋ... ಕೇಳುವ ಧೈರ್ಯವಾಗಲಿಲ್ಲ.

ಮಾರ್ಚ್ ೨೩, ಶನಿವಾರ

ರಿಮೋಟಿನಲ್ಲಿ ಎಕ್ಸ್‌ಪೋ ಅಂತ ಒಂದು ಸೆಟ್ಟಿಂಗ್. ಏರಿಸಿದಷ್ಟೂ ಬೆರಳಿಡುವ ಸ್ಟಿಕ್ ನಡುಭಾಗದಲ್ಲಿ ಮಂದವಾಗುತ್ತದೆ. ಬೆರಳಿನ ಸಣ್ಣ ಅಲುಗಾಟ ಹೆಲಿಕಾಪ್ಟರಿಗೆ ಮುಟ್ಟುವುದಿಲ್ಲ. ಕಲಿಯುವವರಿಗೆಂದು ಇರುವುದು. ಏರಿಸಿದೆ.

ನಿಂತಿತು. ಅಲುಗದೆ.

ಇವಳು ಒದ್ದೆ ಕೈಯಲ್ಲೇ ಬಂದು ಬಾಗಿಲಿಗೆ ಒರಗಿ ನೋಡಿದಳು. ತುಂಬ ಹೊತ್ತು ನೋಡಿದಳು.

“ಆಯ್ತಲ್ಲ, ಸರಿಹೋಯ್ತು. ಸೋಮವಾರ ನನ್ನ ಹಲ್ಲು.”

ಸೆಟ್ಟಿಂಗ್ ವಿಷಯ ನಾಲಿಗೆಯ ತುದಿಯವರೆಗೆ ಬಂತು. ಅವಳ ಮುಖದಲ್ಲಿ ಅಷ್ಟು ನೆಮ್ಮದಿ — ಹೇಳಲಿಲ್ಲ.

ಅದೇ ದಿನ, ಮಧ್ಯಾಹ್ನ

ಚಿಕ್ಕಪ್ಪನ ಸೆಟ್ಟಿಂಗ್‌ಗಳು ಅವರ ಹೆಸರಿನಲ್ಲೇ ರಿಮೋಟಿನೊಳಗೆ ಉಳಿದಿವೆ. ನಾನು ಯಾವತ್ತೂ ತೆರೆದಿರಲಿಲ್ಲ. ತೆರೆದೆ. ಎಕ್ಸ್‌ಪೋ ನನ್ನದಕ್ಕಿಂತಲೂ ಮೇಲೆ. ತುದಿ ಮುಟ್ಟಿಬಿಟ್ಟಿದೆ.

ನಾವೆಲ್ಲ ಬಾಯಿ ಬಿಟ್ಟು ನೋಡುತ್ತಿದ್ದ ಆ ಹಾರಾಟ! ಆಗ ಅವರು ಸಿಟಿ ಬಸ್ ಡ್ರೈವರ್. ರಿಟೈರ್ ಆಗುವ ದಿನದವರೆಗೂ ಸ್ಟಿಯರಿಂಗ್ ಹಿಡಿದವರು. ಒಂದು ಸೈಕಲ್ಲಿಗೂ ತಾಗಿಸಿದವರಲ್ಲ ಎಂದು ಮನೆಯಲ್ಲಿ ಈಗಲೂ ಹೇಳುತ್ತಾರೆ.

ಮರೆತ ಮಾತು ನೆನಪಾಯಿತು. “ಕೈಯನ್ನೂ ಬೈಬೇಡ. ಅದಕ್ಕೆ ಉಪಾಯ ಇದೆ.” ಜಂಬ ಅಂದುಕೊಂಡು ನಕ್ಕಿದ್ದೆ.

ಮಾರ್ಚ್ ೨೪, ಸಂಜೆ

ಎಕ್ಸ್‌ಪೋ ಸೊನ್ನೆಗೆ ಇಳಿಸಿದೆ. ಅವಳನ್ನು ಕರೆದು ತೋರಿಸಿಬಿಡೋಣ ಎಂದು. ಚಾಪೆ ಬಿಟ್ಟು ಏಳುವಷ್ಟರಲ್ಲೇ ನಡುಕ. ಕರೆಯುವ ಮೊದಲೇ ಹೆಲಿಕಾಪ್ಟರನ್ನು ಕೆಳಗಿಳಿಸಿದೆ.

ಹಲ್ಲು ಕಿತ್ತ ಮೇಲೆ ತಿನ್ನಲು ಮೆತ್ತಗಿನದೆಲ್ಲ ತಂದಿಟ್ಟಿದ್ದಾಳೆ. ನಾಳೆ ಮೊದಲ ಪೇಷೆಂಟ್ ತಾನೇ ಎಂದಳು. ಆಯ್ತು ಅಂದೆ. ನಾಲಿಗೆ ಮಾತ್ರ ನಡುಗಲಿಲ್ಲ.

ಚಿಕ್ಕಪ್ಪ, ಕೈಯ ವಿಷಯ ನಿಮಗೆ ಗೊತ್ತಾದ ಮೇಲೆ... ಎಷ್ಟು ವರ್ಷ ಬಸ್ಸು ಓಡಿಸಿದಿರಿ?